ಸಹಾಯ ಬೇಕು: ಡೊಮೇನ್ ರಿನ್ಯೂ ಆಗೇತೋ ಇಲ್ಲೋ?

ಇಳಕಲ್ಲಾಗ ನಮ್ಮ ಕಾಕಾಂದು ಸೀರಿ ಅಂಗಡಿ ಐತ್ರಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಫೋನ್ ಎತ್ತವಲ್ಲ, ಸೈಟ್ ಬಂದ್ ಬಿದ್ದೈತಿ. ಸೈಟಿನ ಡಾಟ್ ಕಾಮ್ ವಿಳಾಸ (ಡೊಮೇನ್) ಯಾರ ಹೆಸರಿಲೆ ಐತಿ ನೋಡೂಣಂತ, ಡೊಮೇನ್ ವಿವರ ತೋರ್ಸೂ ಐಕ್ಯಾನ್ ಲುಕಪ್ ಸೈಟ್‌ನ್ಯಾಗ ಹಾಕಿದೆ. ರಿಜಿಸ್ಟ್ರಾರ್ (ಡೊಮೇನ್ ಮಾರೂ ಕಂಪನಿ) ಹೆಸರು ಬಂತು, ಮಾಲಕನ ಜಾಗಾದಾಗ ಬರೇ ‘ರಿಡಾಕ್ಟೆಡ್ ಫಾರ್ ಪ್ರೈವಸಿ’. 2018ರಾಗ ಯುರೋಪಿನ ಖಾಸಗಿ ಮಾಹಿತಿ ಕಾನೂನು ಬಂದ ಮ್ಯಾಲೆ ಎಲ್ಲಾ ಕಡೆ ಹಿಂಗ ಮುಚ್ಚಿಡ್ತಾರ, ಅದು ಇರ್ಲಿ ಬಿಡ್ರಿ.

ತಲಿ ಕೆಟ್ಟಿದ್ದು ಬ್ಯಾರೇದಕ್ಕ. ಎಕ್ಸ್‌ಪೈರಿ ತಾರೀಕು ಮುಂದಿನ ವರ್ಷದ್ದು ತೋರಸ್ತೈತಿ, ಅದರ ಕೆಳಗ ಸ್ಟೇಟಸ್ ‘ಆಟೋ ರಿನ್ಯೂ ಪೀರಿಯಡ್’. ಕಾಕಾ ಅಂತೂ ರೊಕ್ಕ ಕಟ್ಟಿಲ್ಲ. ರಿಜಿಸ್ಟ್ರಾರ್‌ಗೆ ಮೇಲ್ ಹಾಕಿದ್ರ ‘ಅಕೌಂಟ್ ಇದ್ದವ್ರ ಕೇಳ್ಬೇಕು’ ಅಂದ್ರು.

ತಿಳಿದವ್ರು ಹೇಳ್ರಿ: ಆ ಹುಡುಗ ರೊಕ್ಕ ಕಟ್ಯಾನ ಅಂತ ತಿಳೀಬೇಕೋ, ಇಲ್ಲಾ ಇದು ರಿಜಿಸ್ಟ್ರಿ (ಎಲ್ಲಾ ಡಾಟ್ ಕಾಮ್ ಹೆಸರಿನ ಪಟ್ಟಿ ಇಡೂ ಸಂಸ್ಥೆ) ತಾನ ತಾರೀಕು ಮುಂದ ಹಾಕಿ ಕೊಡೂ 45 ದಿನದ ಗಡುವು ಅಷ್ಟನೋ?