‘ರಜನಿ’ ಆದಮೇಲೆ ಪ್ರಿಯಾ ತೆಂಡೂಲ್ಕರ್ ಎಲ್ಲಿ ಹೋದರು?

ಹಳೇಆ್ಯಂಟೆನಾ:
ಮೊನ್ನೆ ‘ಮಿಂಚಿನ ಓಟ’ ನೋಡುತ್ತಿದ್ದೆ. ಅದರಲ್ಲಿರುವ ಪ್ರಿಯಾ ತೆಂಡೂಲ್ಕರ್ ಅವರೇ ದೂರದರ್ಶನದ ‘ರಜನಿ’ ಅಂತ ಚಿಕ್ಕಮ್ಮ ಹೇಳಿದರು. ನಾನು ಹುಟ್ಟಿದ್ದೇ 90ರ ನಂತರ, ಆ ಸೀರಿಯಲ್ ನೋಡಿಲ್ಲ. ಗ್ಯಾಸ್ ಸಿಲಿಂಡರ್‌ನವರ ಜೊತೆ ಜಗಳ, ಟ್ಯಾಕ್ಸಿಯವರ ಜೊತೆ ಜಗಳ, ಇಷ್ಟು ಮಾತ್ರ ಕೇಳಿದ್ದೇನೆ. ಅಷ್ಟೊಂದು ಹೆಸರು ಮಾಡಿದವರು ಆಮೇಲೆ ದೊಡ್ಡ ನಾಯಕಿ ಯಾಕೆ ಆಗಲಿಲ್ಲ?

ಭಾನುವಾರದ_ಕಾಫಿ:
1985. ಬಾಸು ಚಟರ್ಜಿ ನಿರ್ದೇಶನ. ಭಾನುವಾರ ಬೆಳಗ್ಗೆ ಬರುತ್ತಿತ್ತು. ಇರುವುದೇ ಒಂದು ಚಾನೆಲ್, ಹಿಂದಿ ಅರ್ಧ ಅರ್ಥವಾದರೂ ಎಲ್ಲರೂ ನೋಡುತ್ತಿದ್ದರು. ಸೀರೆ ಉಟ್ಟ ಸಾಮಾನ್ಯ ಗೃಹಿಣಿ ಕಚೇರಿಗೆ ನುಗ್ಗಿ ‘ಯಾಕೆ ಕೊಡಲ್ಲ’ ಅಂತ ಕೇಳುವುದು ಟಿವಿಯಲ್ಲಿ ಹೊಸತು. ಮುಂಬೈ ಟ್ಯಾಕ್ಸಿಯವರು ಸಿಟ್ಟಾಗಿ ಪ್ರತಿಭಟನೆಗೇ ಇಳಿದರು ಅಂದರೆ ನೋಡಿ ಎಷ್ಟು ತಟ್ಟಿರಬೇಕು! ಅದರಲ್ಲಿ ಗಂಡನ ಪಾತ್ರ ಕರಣ್ ರಾಜ್ದಾನ್ ಅವರದು, ಆಮೇಲೆ ಇಬ್ಬರೂ ನಿಜಕ್ಕೂ ಮದುವೆಯಾದರು.

ರಂಗದ_ಹುಚ್ಚಿ:
ಪ್ರಶ್ನೆಯಲ್ಲೇ ಸ್ವಲ್ಪ ತಕರಾರಿದೆ. ನಾಯಕಿ ಆಗಲಿಲ್ಲ ಅಂತ ಯಾರು ಹೇಳಿದ್ದು? ಮರಾಠಿಯಲ್ಲಿ ‘ರಜನಿ’ಗೆ ಮೊದಲೇ ಸಾಲು ಸಾಲು ಸಿನಿಮಾ ಮಾಡಿದ್ದರು. ನಾವು ಹಿಂದಿ ಒಂದನ್ನೇ ಲೆಕ್ಕಕ್ಕಿಟ್ಟುಕೊಳ್ಳುತ್ತೇವೆ, ಅಷ್ಟೇ. ಅಪ್ಪ ನಾಟಕಕಾರ ವಿಜಯ್ ತೆಂಡೂಲ್ಕರ್. ಚಿಕ್ಕ ವಯಸ್ಸಿನಲ್ಲೇ ನಮ್ಮ ಗಿರೀಶ್ ಕಾರ್ನಾಡರ ‘ಹಯವದನ’ ನಾಟಕದಲ್ಲಿ ಗೊಂಬೆಯ ಪಾತ್ರ ಮಾಡಿದ್ದರು. 1974ರ ‘ಅಂಕುರ್’ನಲ್ಲಿ ಅನಂತ್ ನಾಗ್ ಹೆಂಡತಿ. 1980ರ ‘ಮಿಂಚಿನ ಓಟ’ದಲ್ಲೂ ಅನಂತ್ ನಾಗ್ ಇದ್ದಾರೆ, ಶಂಕರ್ ನಾಗ್ ನಿರ್ದೇಶನ. ನಡುವೆ ಗಗನಸಖಿ, ಹೋಟೆಲ್ ರಿಸೆಪ್ಷನಿಸ್ಟ್, ವಾರ್ತೆ ಓದುವ ಕೆಲಸ, ಎಲ್ಲ ಮಾಡಿದವರು. ಕ್ಯಾಮೆರಾಗೆ ಹೆದರದೆ ನೇರ ನೋಡಿ ಮಾತಾಡುವ ಧೈರ್ಯ ಸುಮ್ನೆ ಬಂದದ್ದಲ್ಲ ಅಲ್ವಾ?

ಕಂತು13:
ಅದೆಲ್ಲ ಸರಿ, ಆದರೂ ಆ ಪಾತ್ರ ಅವರನ್ನು ಬಿಡಲಿಲ್ಲ ಅನ್ನುವುದು ನಿಜ. ಆಗಿನ ಸೀರಿಯಲ್‌ಗಳು ಹೆಚ್ಚಾಗಿ 13 ಕಂತಿನ ಲೆಕ್ಕದಲ್ಲಿ ಬರುತ್ತಿದ್ದವು. ಈಗಿನ ಹಾಗೆ ವರ್ಷಗಟ್ಟಲೆ ಎಳೆದು ನಟಿಯನ್ನು ಮನೆಯವಳನ್ನಾಗಿ ಮಾಡುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ದೇಶಕ್ಕೆಲ್ಲ ಗೊತ್ತಾಗಿಬಿಟ್ಟರು, ಅದೂ ಜಗಳಕ್ಕೆ ನಿಲ್ಲುವ ಹೆಂಗಸಾಗಿ. ಆಗಿನ ಹಿಂದಿ ಸಿನಿಮಾಕ್ಕೆ ಅಂಥ ನಾಯಕಿ ಬೇಕಿರಲಿಲ್ಲ, ಹಾಡು ಕುಣಿತಕ್ಕೆ ಬೇರೆಯವರಿದ್ದರು. ಟಿವಿಗೆ ಬೇಕಿತ್ತು. 90ರ ದಶಕದಲ್ಲಿ ಅವರ ಹೆಸರಲ್ಲೇ ಟಾಕ್ ಶೋ ಬಂತು. ನನಗಂತೂ ಅದು ಮೈಕ್ ಹಿಡಿದ ರಜನಿಯೇ, ಆದರೆ ಈ ಸಲ ಡೈಲಾಗ್ ಬೇರೆಯವರು ಬರೆದುಕೊಟ್ಟದ್ದಲ್ಲ.

ಅವರ ತಮಾಷೆ ನೋಡಬೇಕಾದರೆ 1995ರಲ್ಲಿ ಶುರುವಾದ ಹಿಂದಿ ಹಾಸ್ಯ ಸೀರಿಯಲ್ ‘ಹಮ್ ಪಾಂಚ್’ ನೋಡಿ. ಸತ್ತುಹೋದ ಮೊದಲ ಹೆಂಡತಿ, ಗೋಡೆಯ ಫೋಟೋ ಒಳಗಿಂದಲೇ ಗಂಡ ಅಶೋಕ್ ಸರಾಫ್‌ಗೆ ಕಿಚಾಯಿಸುತ್ತಾರೆ. ಎದ್ದು ಓಡಾಡುವ ಹಾಗಿಲ್ಲ, ಮುಖ ಮತ್ತು ದನಿ ಎರಡೇ ಬಂಡವಾಳ. ನನ್ನ ಪ್ರಕಾರ ಅದು ‘ರಜನಿ’ಗಿಂತ ಕಷ್ಟದ ಕೆಲಸ.

ಹಳೇಆ್ಯಂಟೆನಾ:
ಅರೆ, ‘ಹಮ್ ಪಾಂಚ್’ ಫೋಟೋ ಹೆಂಡತಿ ಇವರೇನಾ! ಈಗ ಎಲ್ಲಿದ್ದಾರೆ?

ರಂಗದ_ಹುಚ್ಚಿ:
2002ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, 47 ವರ್ಷ. ಕ್ಯಾನ್ಸರ್ ಜೊತೆ ಹೋರಾಡಿದ್ದರು, ಕೊನೆಗೆ ಹೃದಯಾಘಾತ. ಮರಾಠಿಯಲ್ಲಿ ಕಥೆಗಳನ್ನೂ ಬರೆದಿದ್ದಾರೆ. ಮರಾಠಿ ಓದುವವರು ಇಲ್ಲಿ ಯಾರಾದರೂ ಇದ್ದರೆ ಅವು ಹೇಗಿವೆ ಅಂತ ಹೇಳಿ.