ಸಹಾಯ ಬೇಕು: ಅಪ್ಪನ ಕೋವಿ ಅಳಿಯನ ಹುಟ್ಟುಹಬ್ಬಕ್ಕೆ
ತಿಪಟೂರು ಹತ್ತಿರದ ಹಳ್ಳಿ ನಮ್ಮದು. ಯಜಮಾನರಿಗೆ ಬರುವ ತಿಂಗಳು 50 ತುಂಬುತ್ತದೆ. ಹಳೇ ಕೋವಿ ಅಂದ್ರೆ ಅವರಿಗೆ ಪ್ರಾಣ.

ಅಪ್ಪನ ಹತ್ತಿರ 12 ಬೋರಿನ ಜೋಡಿ ನಳಿಗೆ ಕೋವಿ ಇದೆ, ಲೈಸೆನ್ಸ್ ಚಾಲ್ತಿಯಲ್ಲಿದೆ. ಅಪ್ಪನ ಕೆನ್ನೆ ತಾಗಿ ತಾಗಿ ಹಿಡಿಯ ಮರ ಒಂದು ಕಡೆ ನುಣ್ಣಗಾಗಿದೆ. ಹಬ್ಬಕ್ಕೆ ಹೋದರೆ ನಮ್ಮವರು ಮೊದಲು ಅದನ್ನು ಒರೆಸಿ, ಆಮೇಲೆ ಊಟಕ್ಕೆ ಕೂರುತ್ತಾರೆ! ಅಪ್ಪನಿಗೀಗ 74. ಅಳಿಯನಿಗೇ ಇರಲಿ ಅಂತಾರೆ. ಸೀರೆ ಥರ ಸುಮ್ನೆ ಸುತ್ತಿ ಕೊಡೋಕಾಗಲ್ಲ ಅಲ್ವಾ?

2016ರ ಶಸ್ತ್ರಾಸ್ತ್ರ ನಿಯಮದಲ್ಲಿ 70 ದಾಟಿದವರು ವಾರಸುದಾರರಿಗೆ ಬಿಟ್ಟುಕೊಡಬಹುದು. ನಮ್ಮ ಯಜಮಾನರ ಲೈಸೆನ್ಸಿನಲ್ಲಿ ಈಗ ಒಂದೇ ಕೋವಿ, ಎರಡಕ್ಕೆ ಅವಕಾಶವಿದೆ. ಆದರೆ ವಿಚಾರಿಸಿದಾಗ ಒಬ್ಬರು ಮಗಳಿಗೆ ಮಾತ್ರ ಅಂದರು, ಇನ್ನೊಬ್ಬರು ಅಳಿಯನಿಗೂ ಆಗುತ್ತೆ ಅಂದರು.

ಮಾವನ ಕೋವಿಯನ್ನು ನೇರವಾಗಿ ಅಳಿಯನ ಹೆಸರಿಗೆ ಮಾಡಿಸಿಕೊಂಡವರು ಇದ್ದೀರಾ? ಅರ್ಜಿ ಮೊದಲು ಯಾರು ಹಾಕಬೇಕು, ಅಪ್ಪನಾ, ಇವರಾ?