ಚಿಕ್ಕಮ್ಮನ ವಾಷಿಂಗ್ ಮಷೀನಿಗೆ ಮೊದಲು ಟ್ಯಾಂಕಿನ ಎತ್ತರ ಅಳೀರಿ

ಚಿಕ್ಕಮ್ಮ, ಬೆಳಗ್ಗೆ ನೀವು ಗ್ರೂಪಿಗೆ ಹಾಕಿದ್ದು ಪೂರ್ತಿ ನೋಡಿದೆ. ಶಿರಾದ ಮನೆಗೆ ವಾಷಿಂಗ್ ಮಷೀನ್ ಬೇಕು, ಕೈಯಲ್ಲಿರೋದು 15,000, ಅಜ್ಜಿ ಸೇರಿ ಐದು ಜನ, ಬೋರ್‌ವೆಲ್ ನೀರು, ಟ್ಯಾಂಕು ತಾರಸಿ ಮೇಲೆ. ಅಂಗಡಿಯವರು ಇನ್ನು 10,000 ಕಂತಲ್ಲಿ ಕಟ್ಟಿ ಫ್ರಂಟ್ ಲೋಡ್, ಅಂದ್ರೆ ಮುಂದಿನ ಬಾಗಿಲಿಂದ ಬಟ್ಟೆ ಹಾಕೋ ಮಷೀನ್, ತಗೊಳ್ಳಿ ಅಂದಿದ್ದಾರೆ. ದೊಡ್ಡಪ್ಪ ಒಂದು ಕಂಪನಿ ಹೆಸರು ಹೇಳಿ ಇದನ್ನ ಬಿಟ್ಟು ಬೇರೆ ನೋಡ್ಬೇಡಿ ಅಂದಿದ್ದಾರೆ. ಇದಕ್ಕೆ ಎರಡು ಸಾಲಲ್ಲಿ ಉತ್ತರ ಹೇಳೋಕಾಗಲ್ಲ, ಅದಕ್ಕೇ ಇಷ್ಟುದ್ದ ಮಾತಾಡ್ತಿದ್ದೀನಿ. ಕೆಲಸ ಮಾಡ್ಕೊಂಡೇ ಕೇಳಿಸ್ಕೊಳ್ಳಿ.

ಕಂಪನಿ ಹೆಸರು ಆಮೇಲೆ ನೋಡೋಣ. ನಿಮ್ಮನೆ ನೀರು ಯಾವ ಥರದ ಮಷೀನಿಗೆ ಹೊಂದುತ್ತೆ ಅನ್ನೋದು ಮೊದಲು ಗೊತ್ತಾಗ್ಬೇಕು. ಅದನ್ನ ಅಂಗಡಿಯಲ್ಲಿ ಯಾರೂ ಕೇಳಲ್ಲ.

ಒಂದು ಟೇಪ್ ತಗೊಂಡು ಟ್ಯಾಂಕಿನ ತಳದಿಂದ, ಮಷೀನ್ ಇಡೋ ಜಾಗದ ನಲ್ಲಿವರೆಗೆ ಎಷ್ಟು ಎತ್ತರ ಇದೆ ಅಳೀರಿ. ಟ್ಯಾಂಕ್ ತುಂಬಿದಾಗಿನ ನೀರಿನ ಮಟ್ಟದಿಂದ ಅಲ್ಲ, ತಳದಿಂದ. ಒಂದು ಮೀಟರ್ ಎತ್ತರಕ್ಕೆ 0.1 ಬಾರ್ ಒತ್ತಡ ಸಿಗುತ್ತೆ, ಕಂಪನಿಯವರ ಲೆಕ್ಕದಲ್ಲಿ 0.01 ಮೆಗಾಪಾಸ್ಕಲ್. ನೀರು ತುಂಬೋದು, ಒಗೆಯೋದು, ಹಿಂಡೋದು ಎಲ್ಲಾ ತಾನೇ ಮಾಡೋ ಫುಲ್ಲಿ ಆಟೊಮ್ಯಾಟಿಕ್ ಮಷೀನುಗಳ ಪುಸ್ತಕದಲ್ಲಿ ಕನಿಷ್ಠ 0.03 ಅಥವಾ 0.05 ಬೇಕು ಅಂತ ಸಾಮಾನ್ಯವಾಗಿ ಬರೆದಿರ್ತಾರೆ. ಅಂದ್ರೆ ಮೂರರಿಂದ ಐದು ಮೀಟರ್ ಎತ್ತರ. ನಿಮ್ಮದು ಒಂದೇ ಅಂತಸ್ತಿನ ಮನೆ. ತಾರಸಿ 10 ಅಡಿ, ನಲ್ಲಿ ನೆಲದಿಂದ 3 ಅಡಿ ಮೇಲೆ, ಟ್ಯಾಂಕು ತಾರಸಿ ಮೇಲೇ ಕೂತಿದ್ರೆ ಉಳಿಯೋದು 7 ಅಡಿ, ಎರಡು ಮೀಟರಿಗಿಂತ ಚೂರು ಜಾಸ್ತಿ ಅಷ್ಟೆ. ಸಾಲಲ್ಲ.

ಸಾಲದೇ ಇದ್ರೆ ಏನಾಗುತ್ತೆ ಅಂದ್ರೆ, ಮಷೀನಿನ ಇನ್‌ಲೆಟ್ ವಾಲ್ವಿನಲ್ಲಿ, ಅಂದ್ರೆ ನೀರು ಒಳಗೆ ಬಿಡೋ ಕಡೆ, ಒಂದು ರಬ್ಬರ್ ಪೊರೆ ಇರುತ್ತೆ. ಅದು ತೆಗೆಯೋದಕ್ಕೂ ಮುಚ್ಚೋದಕ್ಕೂ ನೀರಿನ ಒತ್ತಡವೇ ಆಧಾರ. ಒತ್ತಡ ಕಡಿಮೆ ಇದ್ರೆ ನೀರು ಸಣ್ಣಗೆ ಸೋರುತ್ತೆ, ಕೆಲವು ಸಲ ಪೂರ್ತಿ ಮುಚ್ಚೋದೂ ಇಲ್ಲ. ಇಂತಿಷ್ಟು ಹೊತ್ತಲ್ಲಿ ನೀರು ತುಂಬ್ಲಿಲ್ಲ ಅಂದ್ರೆ ಮಷೀನ್ ಕೂಗಿ ನಿಂತ್ಬಿಡುತ್ತೆ. ಎಲ್‌ಜಿಯಲ್ಲಿ ಐಇ ಅಂತ ಬರುತ್ತೆ, ಸ್ಯಾಮ್‌ಸಂಗಿನಲ್ಲಿ 4ಇ ಅಥವಾ 4ಸಿ. ಮೆಕ್ಯಾನಿಕ್ ಬಂದು ನೀರು ಬರೋ ಕಡೆಯ ಜಾಲರಿ ಉಜ್ಜಿ ದುಡ್ಡು ತಗೊಂಡು ಹೋಗ್ತಾರೆ, ಮುಂದಿನ ವಾರ ಮತ್ತೆ ಅದೇ. ಮಷೀನಿಂದೇನೂ ತಪ್ಪಿರಲ್ಲ, ಟ್ಯಾಂಕು ತಗ್ಗಲ್ಲಿದೆ ಅಷ್ಟೆ. ಟೇಪ್ ಇಲ್ಲದಿದ್ರೆ ಬಕೆಟ್ಟಲ್ಲೇ ನೋಡಿ. ಟ್ಯಾಂಕು ಅರ್ಧ ಇರೋವಾಗ ಆ ನಲ್ಲಿ ಪೂರ್ತಿ ಬಿಟ್ಟು 10 ಲೀಟರ್ ಬಕೆಟ್ ಇಡಿ. ಒಂದು ನಿಮಿಷದೊಳಗೆ ತುಂಬಿದ್ರೆ ಆಟೊಮ್ಯಾಟಿಕ್ ಬಗ್ಗೆ ಯೋಚಿಸ್ಬಹುದು. ಎರಡು ನಿಮಿಷ ಹಿಡಿದ್ರೆ ಬೇಡ.

ಎರಡನೇದು ನೀರಿನ ಗಡಸು. ಒಂದು ಬಾಟಲಿಗೆ ಅರ್ಧ ಬೋರ್‌ವೆಲ್ ನೀರು ಹಾಕಿ, ಬಟ್ಟೆ ಸೋಪಿನ ಚೂರು ತುರಿದು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಬರದೆ ಹಾಲೊಡೆದ ಹಾಗೆ ಬಿಳಿ ಚೂರು ತೇಲಿದ್ರೆ ಗಡಸು ನೀರು. ಪುಡಿ ಹಾಕಿ ನೋಡ್ಬೇಡಿ, ಪುಡಿಗೆ ಗಡಸು ನೀರಲ್ಲೂ ನೊರೆ ಬರುತ್ತೆ. ತಮ್ಮ ತಂದಿಟ್ಟಿರೋ ಟಿಡಿಎಸ್ ಮೀಟರ್ ನಂಬ್ಕೋಬೇಡಿ, ಅದು ನೀರಲ್ಲಿರೋ ಎಲ್ಲಾ ಲವಣಾನೂ ಸೇರಿಸಿ ತೋರಿಸುತ್ತೆ. ನಮಗೆ ಬೇಕಿರೋದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನೋದು ಮಾತ್ರ.

ಈಗ ಫ್ರಂಟ್ ಲೋಡ್ ವಿಷಯ. ಅದು ಒಳ್ಳೆ ಮಷೀನೇ. ಬಟ್ಟೆ ಕಡಿಮೆ ಸವೆಯುತ್ತೆ, ಮೇಲಿಂದ ಬಟ್ಟೆ ಹಾಕೋ ಟಾಪ್ ಲೋಡಿಗೆ ಒಂದ್ಸಲಕ್ಕೆ 100 ಲೀಟರಿಗೂ ಮೇಲೆ ನೀರು ಬೇಕಾದ್ರೆ ಇದಕ್ಕೆ ಸುಮಾರು ಅರ್ಧ ಸಾಕು. ಬೆಂಗಳೂರಲ್ಲಿ ಕಾವೇರಿ ನೀರು ಬರೋ, ಮೇಲಿಂದ ಒಳ್ಳೆ ಒತ್ತಡ ಇರೋ ಫ್ಲಾಟಾಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಅದರೊಳಗೆ ಸುಮಾರು 2,000 ವಾಟಿನ ಹೀಟರ್ ಇದೆ. ಗಡಸು ನೀರು ಕಾದಾಗ ಸುಣ್ಣ ಬಂದು ಹೀಟರ್ ಮೇಲೇ ಕೂರುತ್ತೆ, ಪದರ ದಪ್ಪ ಆದ ಹಾಗೆ ಶಾಖ ನೀರಿಗೆ ಹೋಗಲ್ಲ, ಹೀಟರ್ ಒಳಗೊಳಗೇ ಸುಟ್ಟು ಹೋಗುತ್ತೆ. ಬಾಗಿಲ ರಬ್ಬರಿನ ಮಡಿಕೇಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯುತ್ತೆ. ಡ್ರಮ್ ಸಲೀಸಾಗಿ ತಿರುಗೋಕಿರೋ ಬೇರಿಂಗ್ ಹೋದ್ರೆ ಇನ್ನೂ ಕಷ್ಟ. ಈಗಿನ ಎಷ್ಟೋ ಮಾಡೆಲುಗಳಲ್ಲಿ ಹೊರಗಿನ ಟಬ್ಬಿನ ಎರಡು ಭಾಗ ಅಂಟಿಸಿಬಿಟ್ಟಿರ್ತಾರೆ, ಬಿಚ್ಚೋಕಾಗಲ್ಲ, ಸಣ್ಣ ಬೇರಿಂಗಿಗೆ ಇಡೀ ಟಬ್ ಬದಲಾಯಿಸ್ಬೇಕು. ಅಂಥ ಒಂದು ಬಿಲ್ಲು ಬಂದ್ರೆ ಕಂತು ಕಟ್ಟೋ ಮನೆಗೆ ತಡೆಯಲ್ಲ. ಜೊತೆಗೆ 16 ಆಂಪ್ ಪ್ಲಗ್ಗು, ಅದಕ್ಕೆ ತಕ್ಕ ವೈರು ಬೇರೆ ಬೇಕು. ಸಾಲ ಮಾಡಿ ಅದನ್ನ ತರಬೇಡಿ ಚಿಕ್ಕಮ್ಮ.

ನನ್ನ ಮಾತು ಕೇಳಿದ್ರೆ ನಿಮ್ಮನೆಗೆ ಸೆಮಿ ಆಟೊಮ್ಯಾಟಿಕ್, ಅಂದ್ರೆ ಒಗೆಯೋಕೊಂದು ಹಿಂಡೋಕೊಂದು ಎರಡು ಡಬ್ಬಿ ಇರೋದು, 7.5 ಅಥವಾ 8 ಕೆಜಿ. 9,000ದಿಂದ 13,000 ಒಳಗೆ ಸಿಗುತ್ತೆ. ಹಳೇ ಕಾಲದ್ದು ಅಂತ ಮಕ್ಕಳು ಮೂಗು ಮುರೀಬಹುದು, ಆದ್ರೆ ಅದರಲ್ಲಿ ಕೆಡೋಕೆ ಇರೋದೇ ಕಡಿಮೆ. ಪೈಪಲ್ಲಾದ್ರೂ ತುಂಬಿ, ಬಿಂದಿಗೇಲಾದ್ರೂ ಸುರೀರಿ, ಒತ್ತಡದ ಗೊಡವೆ ಇಲ್ಲ. ಎಲೆಕ್ಟ್ರಾನಿಕ್ ಬೋರ್ಡ್ ಸಾಮಾನ್ಯವಾಗಿ ಇರಲ್ಲ. ಟೈಮರ್ ಗಡಿಯಾರದ ಥರ ಸ್ಪ್ರಿಂಗಿನದ್ದು, ಕರೆಂಟ್ ಹೋದ್ರೂ ಅದರ ಪಾಡಿಗೆ ತಿರುಗುತ್ತೆ, ಕರೆಂಟ್ ಬಂದ ಮೇಲೆ ಇನ್ನೊಂದ್ಸಲ ತಿರುಗಿಸಿದ್ರೆ ಆಯ್ತು. ಬೇಸಿಗೇಲಿ ನೀರಿಗೆ ತತ್ವಾರ ಬಂದಾಗ ಬಿಳಿ ಬಟ್ಟೆ ಒಗೆದ ಸೋಪಿನ ನೀರಲ್ಲೇ ಬಣ್ಣದ್ದು, ಆಮೇಲೆ ಕಾಲೊರೆಸೋ ಬಟ್ಟೆ ಒಗೀಬಹುದು. ಆಟೊಮ್ಯಾಟಿಕ್ಕಾದ್ರೆ ಆ ನೀರನ್ನ ತಾನೇ ಚೆಲ್ಲಿಬಿಡುತ್ತೆ. ಹಿಂಡೋ ಡಬ್ಬಿ ಚಿಕ್ಕದಾದ್ರೂ ನಿಮಿಷಕ್ಕೆ 1,300 ಸುತ್ತಿನ ಆಸುಪಾಸು ತಿರುಗುತ್ತೆ. ಮಾಮೂಲಿ ಟಾಪ್ ಲೋಡಿನದ್ದು 700ರ ಹತ್ತಿರ. ಮಳೆಗಾಲದಲ್ಲಿ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಕಷ್ಟ ಇಲ್ಲ ಅಂತಲ್ಲ. ಒದ್ದೆ ಬಟ್ಟೆ ಕೈಯಲ್ಲೆತ್ತಿ ಪಕ್ಕದ ಡಬ್ಬಿಗೆ ಹಾಕ್ಬೇಕು, ಮಧ್ಯೆ ಮಧ್ಯೆ ಯಾರಾದ್ರೂ ಬಂದು ನೋಡ್ಬೇಕು. ಆ ಕೆಲಸ ಅಜ್ಜಿ ಮೇಲೆ ಬೀಳೋ ಹಾಗಿದ್ರೆ ಮಾತ್ರ ಲೆಕ್ಕ ಬದಲಾಗುತ್ತೆ. ನೀರು ಕುಡಿದ ಕಾಟನ್ ಸೀರೆ, ಹೊದಿಕೆ ಎತ್ತೋದು ಅವರ ಸೊಂಟಕ್ಕೆ ಆಗಲ್ಲ. ಆಗ 6.5 ಅಥವಾ 7 ಕೆಜಿ ಟಾಪ್ ಲೋಡ್ ಫುಲ್ಲಿ ಆಟೊಮ್ಯಾಟಿಕ್ ತಗೊಳ್ಳಿ, ತೀರ ಸಾದಾ ಮಾಡೆಲ್. ಹೀಟರ್ ಬೇಡ, ವೈಫೈ ಬೇಡ, ಗಾಜಿನ ಮುಚ್ಚಳಕ್ಕೆ ಅಂತ 1,000 ಜಾಸ್ತಿ ಕೊಡೋದೂ ಬೇಡ. ಒಳಗಿನ ಡ್ರಮ್ ಮಾತ್ರ ಸ್ಟೀಲಿನದ್ದೇ ಇರಲಿ. ಆದ್ರೆ ಮೊದಲು ಟ್ಯಾಂಕನ್ನ ಒಂದು ಒಂದೂವರೆ ಮೀಟರ್ ಎತ್ತರಿಸ್ಬೇಕು. 1,000 ಲೀಟರ್ ಟ್ಯಾಂಕ್ ತುಂಬಿದಾಗ ಒಂದು ಟನ್ ಮೇಲೆ ತೂಗುತ್ತೆ, ಅದಕ್ಕೆ ಸ್ಟ್ಯಾಂಡು ತಾರಸಿ ನಡುವೆ ಬೇಡ, ಕೆಳಗೆ ಗೋಡೆ ಅಥವಾ ತೊಲೆ ಬರೋ ಕಡೆ, ಮೇಸ್ತ್ರಿಗೆ ತೋರಿಸಿಯೇ ಹಾಕ್ಸಿ. ಕಡಿಮೆ ಒತ್ತಡಕ್ಕೂ ನಡೆಯುತ್ತೆ ಅಂತ ಕೆಲವು ಮಾಡೆಲ್ ಮಾರ್ತಾರೆ. ಬಾಯಿ ಮಾತು ಬೇಡ, ಪುಸ್ತಕದಲ್ಲಿ ಮೆಗಾಪಾಸ್ಕಲ್ ಅಂಕಿ ತೋರಿಸಿ ಅನ್ನಿ.

ಮೋಟರಿಗೆ 10 ವರ್ಷ ವಾರಂಟಿ ಅಂತ ಮುಂದೆಯೇ ದೊಡ್ಡ ಸ್ಟಿಕ್ಕರ್ ಅಂಟಿಸಿರ್ತಾರಲ್ಲ, ಅದು ಮೋಟರಿಗೆ ಮಾತ್ರ. ಆಟೊಮ್ಯಾಟಿಕ್ಕಿನಲ್ಲಿ ಬೇಗ ಕೆಡೋದರಲ್ಲಿ ಬೋರ್ಡೂ ಒಂದು. ವೋಲ್ಟೇಜ್ ಏರಿಳಿತ, ಒಳಗೆ ಸೇರೋ ತೇವ, ಇಲಿ ಕಡಿದ ವೈರು, ಹೆಚ್ಚಾಗಿ ಈ ಮೂರರಿಂದ. ಬೋರ್ಡ್ ಸೇರಿಸಿ ಪೂರ್ತಿ ಮಷೀನಿಗೆ ಎಷ್ಟು ವರ್ಷ ಅಂತ ಕೇಳಿ ಬರೆಸ್ಕೊಳ್ಳಿ. ಹೆಚ್ಚುವರಿ ವಾರಂಟಿ ಸೆಮಿಗೆ ದಂಡ. ಆಟೊಮ್ಯಾಟಿಕ್ಕಿಗಾದ್ರೆ, ಬೋರ್ಡ್ ಸೇರುತ್ತೆ ಅಂತ ಬರವಣಿಗೆಯಲ್ಲಿದ್ದು, ಮಷೀನ್ ಬೆಲೆಯ ಹತ್ತನೇ ಒಂದು ಭಾಗ ದಾಟದೇ ಇದ್ರೆ ತಗೊಳ್ಳಿ.

ಇನ್ನು ದೊಡ್ಡಪ್ಪ ಹೇಳಿದ ಕಂಪನಿ. ಎಲ್‌ಜಿ, ಸ್ಯಾಮ್‌ಸಂಗ್, ವರ್ಲ್‌ಪೂಲ್, ಗೋದ್ರೆಜ್, ಹಾಯರ್ ಎಲ್ಲರದ್ದೂ ಸೆಮಿ ಇದೆ, ಈ ಬೆಲೆಗೆ ಒಂದಕ್ಕೊಂದು ಅಂಥ ದೂರ ಏನಿಲ್ಲ. ಶಿರಾಕ್ಕೆ ಯಾರ ಮೆಕ್ಯಾನಿಕ್ ಬರ್ತಾರೆ ಅನ್ನೋದರ ಮೇಲೆ ಆರಿಸ್ಕೊಳ್ಳಿ. ದುಡ್ಡು ಕೊಡೋಕೆ ಮುಂಚೆ ಆ ಕಂಪನಿ ಕಸ್ಟಮರ್ ಕೇರಿಗೆ ಫೋನ್ ಮಾಡಿ, ನಿಮ್ಮ ಪಿನ್ ಕೋಡ್ ಹೇಳಿ. ಸರ್ವಿಸ್ ಎಲ್ಲಿಂದ ಬರುತ್ತೆ, ತುಮಕೂರಿಂದ ಬರೋದಾದ್ರೆ ವಾರಂಟಿ ಮುಗಿದ ಮೇಲೆ ಬಂದು ನೋಡೋದಕ್ಕೆ ಎಷ್ಟು, ಬಟ್ಟೆ ಹಿಂಡೋ ಸ್ಪಿನ್ ಮೋಟರ್ ಬೆಲೆ ಎಷ್ಟು ಅಂತ ಕೇಳಿ. ಊರಲ್ಲಿ ಮಿಕ್ಸಿ ಮೋಟರ್ ರಿಪೇರಿ ಮಾಡೋರ ಹತ್ರನೂ ಒಂದು ಮಾತು ಕೇಳಿ, ಯಾವ ಕಂಪನಿ ಬಿಡಿಭಾಗ ಸುಲಭಕ್ಕೆ ಸಿಗುತ್ತೆ ಅಂತ. ಅವರಿಗೆ ಗೊತ್ತಿರೋಷ್ಟು ಶೋರೂಮಿನವರಿಗೆ ಗೊತ್ತಿರಲ್ಲ.

ಅಂಗಡಿಯಲ್ಲಿ ಪ್ಲಗ್ ಹಾಕಿಸಿ ಸ್ಪಿನ್ ಓಡಿಸಿ, ಮುಚ್ಚಳ ಎತ್ತಿ. ಡಬ್ಬಿ ಕೆಲವೇ ಸೆಕೆಂಡಲ್ಲಿ ನಿಲ್ಬೇಕು. ನಿಧಾನಕ್ಕೆ ತಿರುಗ್ತಾನೇ ಇದ್ರೆ ಬ್ರೇಕ್ ಸಡಿಲ, ಮಕ್ಕಳಿರೋ ಮನೇಲಿ ಕೈ ಹಾಕಿದ್ರೆ ಅಪಾಯ. ತಳದಲ್ಲಿ ಇಲಿ ಜಾಲರಿ ಇದೆಯಾ ನೋಡಿ. ಇಲ್ಲದಿದ್ರೆ ಬೇರೆ ತಂದು ಕೂರಿಸ್ಲೇಬೇಕು, ಹಳ್ಳಿ ಕಡೆ ಮಷೀನ್ ಕೊಲ್ಲೋದರಲ್ಲಿ ಇಲಿ ಮುಂದು.

ಮನೇಲಿ ಇಡೋವಾಗ ಸ್ನಾನದ ನೀರು ಎರಚೋ ಜಾಗ ಬೇಡ. ಅರ್ತಿಂಗ್ ಇರೋ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಸೆಮಿಯಲ್ಲಿ ನೀರು ತಾನಾಗಿ ಇಳಿದು ಹೋಗ್ಬೇಕು, ಅದಕ್ಕೆ ಡ್ರೇನ್ ಪೈಪು ನೆಲದಲ್ಲೇ ಇರಲಿ, ಹೊಸ್ತಿಲು ಹತ್ತಿಸಿದ್ರೆ ಕೊಳಕು ನೀರು ಒಳಗೇ ನಿಲ್ಲುತ್ತೆ. ನಾಲ್ಕು ಮೂಲೆ ಅಲ್ಲಾಡದ ಹಾಗೆ ಕೂರಿಸಿ.

ಬಳಸೋದರ ಬಗ್ಗೆ. 8 ಕೆಜಿ ಅಂದ್ರೆ ಒಣ ಬಟ್ಟೆ ತೂಕ. ಜೀನ್ಸ್ ಒಂದು 600–700 ಗ್ರಾಂ, ಟವೆಲ್ 400ರ ಹತ್ತಿರ, ಕಾಟನ್ ಸೀರೆ ಅರ್ಧ ಕೆಜಿ ಅಂತ ಇಟ್ಕೊಳ್ಳಿ, ಮುಕ್ಕಾಲು ತುಂಬಿದ ಮೇಲೆ ನಿಲ್ಲಿಸಿ. ಜೇಬಿನ ಚಿಲ್ಲರೆ ನೋಡದೆ ಹಾಕಿದ್ರೆ ಅದು ಕೆಳಗಿನ ತಿರುಗಣಿ ಅಡಿ ಸೇರಿ ಮೋಟರ್ ಗುಂಯ್ ಅನ್ನುತ್ತೆ, ತಿರುಗಲ್ಲ. ಚಿಲ್ಲರೆ ಇಲ್ಲದೇನೂ ಹಾಗಾದ್ರೆ ಬೆಲ್ಟ್ ಜಾರಿರ್ಬೇಕು ಇಲ್ಲ ಮೋಟರ್ ಸ್ಟಾರ್ಟ್ ಆಗೋಕಿರೋ ಕೆಪಾಸಿಟರ್ ಹೋಗಿರ್ಬೇಕು, ಎರಡೂ ಕಡಿಮೆ ಖರ್ಚಿನದ್ದೇ. ಮೋಟರ್ ಸುಟ್ಟಿದೆ ಅಂದ ತಕ್ಷಣ ಒಪ್ಕೋಬೇಡಿ, ಮೊದಲು ಕೆಪಾಸಿಟರ್ ಬದಲಾಯಿಸಿ ನೋಡಿ ಅನ್ನಿ. ಹಿಂಡೋವಾಗ ಬಟ್ಟೆ ಮೇಲೆ ಆ ಪ್ಲಾಸ್ಟಿಕ್ ತಟ್ಟೆ ಒತ್ತಿ ಇಡಲೇಬೇಕು. ಇಲ್ಲದಿದ್ರೆ ಕರ್ಚೀಫು, ಸಾಕ್ಸು ಹಾರಿ ಎರಡು ಡಬ್ಬಿ ನಡುವೆ ಸಿಕ್ಕಿಕೊಳ್ಳುತ್ತೆ. ಸ್ಪಿನ್ ಡಬ್ಬಿ ಕೆಳಗಿಂದ ನೀರು ತೊಟ್ಟಿಕ್ಕೋದು ಕಂಡ್ರೆ ತಡ ಮಾಡ್ಬೇಡಿ. ಬೆಲ್ಲೋ ಅಂತ ಒಂದು ರಬ್ಬರ್ ಸೀಲ್ ಹರಿದಿರುತ್ತೆ, ಆ ನೀರು ನೇರ ಸ್ಪಿನ್ ಮೋಟರ್ ಮೇಲೆ ಬಿದ್ದು ಅದನ್ನ ಸುಡುತ್ತೆ. ಸೀಲಿನ ಖರ್ಚಲ್ಲಿ ಮುಗಿಯೋದು ಮೋಟರ್ ತನಕ ಹೋಗೋದು ಹೀಗೇ.

ಗಡಸು ನೀರಿಗೆ ಪುಡಿ ಜಾಸ್ತಿ ಸುರಿಯೋ ಬದಲು ಎರಡು ಚಮಚ ವಾಷಿಂಗ್ ಸೋಡಾ ಮೊದಲು ನೀರಲ್ಲಿ ಕರಗಿಸಿ, ಆಮೇಲೆ ಪುಡಿ ಹಾಕಿ. ಕಾಟನ್ನಿಗೆ ಮಾತ್ರ, ರೇಷ್ಮೆ ಉಣ್ಣೆಗೆ ಬೇಡ. ತಿಂಗಳಿಗೊಂದ್ಸಲ ಬಟ್ಟೆ ಇಲ್ಲದೆ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಓಡಿಸಿದ್ರೆ ಸುಣ್ಣ ಬಿಡುತ್ತೆ. ಅದರ ಜೊತೆ ಬ್ಲೀಚ್ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಅನಿಲ ಬರುತ್ತೆ, ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡಿದ್ರೆ ಉಸಿರಿಗೇ ಸಂಚಕಾರ.

ಬಿಲ್ಲಲ್ಲಿ ಮಾಡೆಲ್ ಜೊತೆ ಸೀರಿಯಲ್ ನಂಬರ್ ಬರೆಸ್ಕೊಂಡು, ಫೋಟೋ ತೆಗೆದು ಇದೇ ಗ್ರೂಪಿಗೆ ಹಾಕಿಡಿ. ಕಾಗದ ಕಳೆದ್ರೂ ವಾರಂಟಿಗೆ ಆಗುತ್ತೆ. ಸಂಜೆ ತಮ್ಮ ಬಂದ ಮೇಲೆ ಟ್ಯಾಂಕಿಂದ ನಲ್ಲಿಗೆ ಎಷ್ಟಡಿ, ಬಕೆಟ್ ತುಂಬೋಕೆ ಎಷ್ಟು ಹೊತ್ತು, ಇವೆರಡು ಅಳೆದು ಕಳಿಸಿ. ಅಂಗಡಿಯವರು ಕೊಟ್ಟಿರೋ ಮಾಡೆಲ್ ನಂಬರುಗಳನ್ನೂ ಹಾಕಿ, ಒಂದೊಂದಾಗಿ ನೋಡಿ ಹೇಳ್ತೀನಿ.